ಸುಣ್ಣದ ಕಲ್ಲಿನ ಒಳಗೆ, ಹೊರಗೆ

ಹೊಸಪೇಟೆಯಿಂದ ಸಂಡೂರಿನ ಕಡೆಗೆ ಹೋಗುವಾಗ ಸಿಗುವ ಗುಡ್ಡಸಾಲಿನಲ್ಲಿ ನೆತ್ತಿ ಚಪ್ಪಟೆಯಾದ ಒಂದು ಗುಡ್ಡವಿದೆ. ನಮ್ಮ ಹಿರಿಯರು ಅದನ್ನು ಹುಲ್ಲುಗುಡ್ಡ ಎಂದು ಕರೆದರು, ಏಕೆಂದರೆ ಅಲ್ಲಿ ಇದ್ದದ್ದು ಹುಲ್ಲು. ಬಳ್ಳಾರಿಯ ಬಿಸಿಲು ತಾಳಲಾರದ ದೊರೆಗಳು ಅದರ ನೆತ್ತಿಯ ಮೇಲೆ ಒಂಬತ್ತು ಬಂಗಲೆ, ಒಂದು ಕ್ಲಬ್ಬು, ಒಂದು ಟೆನಿಸ್ ಅಂಗಳ ಮಾಡಿಕೊಂಡು ಅದಕ್ಕೆ ಮೌಂಟ್ ಪ್ಲೆಸೆಂಟ್ ಎಂದು ಹೆಸರಿಟ್ಟರು. ಹೆಸರು ಬದಲಾದ ಸಂಗತಿಯನ್ನು ಹುಲ್ಲಿಗೆ ಯಾರೂ ತಿಳಿಸಲಿಲ್ಲ. ಅದು ಮೊದಲಿನಂತೆಯೇ ಮಳೆಗಾಲದಲ್ಲಿ ಆಳೆತ್ತರ ಬೆಳೆದು, ಶಿವರಾತ್ರಿಯ ಹೊತ್ತಿಗೆ ಒಣಗಿ ನಿಲ್ಲುತ್ತಿತ್ತು.

ನಾನು ಕಂಪ್ಲಿಯವನು, ಹೆಸರು ಮರುಳಸಿದ್ದಪ್ಪ. ಇಂಗ್ಲಿಷರ ಕಾಲದಲ್ಲಿ, ನನಗೆ ಇಪ್ಪತ್ತಾರು ವರ್ಷವಾಗಿದ್ದಾಗ, ಆ ಗುಡ್ಡದ ಹಿಲ್ ಸ್ಟೇಷನ್ ಕಮಿಟಿಗೆ ರೈಟರಾಗಿದ್ದೆ. ಕಮಿಟಿ ಎಂದರೆ ಬೇಸಿಗೆ ಕಳೆಯಲು ಮೇಲೆ ಬಂದ ಆರು ಮಂದಿ ದೊರೆಗಳು ಶನಿವಾರ ಸಂಜೆ ಕ್ಲಬ್ಬಿನಲ್ಲಿ ಕೂತು ಠರಾವು ಮಾಡುವುದು. ಅವರು ಹೇಳಿದ್ದನ್ನು ಬರೆದು, ಶುದ್ಧಪ್ರತಿ ಮಾಡಿ, ಯಾರಿಗೆ ತಿಳಿಸಬೇಕೋ ಅವರಿಗೆ ಕನ್ನಡದಲ್ಲಿ ಓದಿ ಹೇಳುವುದು ನನ್ನ ಕೆಲಸ. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗೆ ಇತ್ತು. ನನ್ನಲ್ಲಿದ್ದ ಗುಣ ಅದೊಂದೇ ಎಂಬುದು ಈ ಕತೆ ಮುಗಿಯುವಷ್ಟರಲ್ಲಿ ನಿಮಗೂ ತಿಳಿಯುತ್ತದೆ.

ಆ ಕೆಲಸ ಕೊಡಿಸಿದವರು ನನ್ನ ಸೋದರಮಾವ ತೋಟಪ್ಪನವರು. ಹೊಸಪೇಟೆಯಲ್ಲಿ ಅವರದು ಅಕ್ಕಿ ಗಿರಣಿ. ಮನೆ, ಮೋಟಾರು, ಮೂರು ಸುತ್ತಿನ ಬಂಗಾರದ ಸರ, ಎಲ್ಲವೂ ಇತ್ತು. ಇಲ್ಲದ್ದು ಒಂದೇ, ಹೆಸರಿನ ಹಿಂದೆ ರಾವ್ ಸಾಹೇಬ ಎಂಬ ಬಿರುದು. ಅದಕ್ಕಾಗಿ ಅವರು ಹತ್ತು ವರ್ಷದಿಂದ ಕ್ಲಬ್ಬಿಗೆ ಸಣ್ಣಕ್ಕಿಯನ್ನೂ ತಮ್ಮ ಬೆನ್ನುಮೂಳೆಯನ್ನೂ ಬಿಟ್ಟಿಯಾಗಿ ಒಪ್ಪಿಸುತ್ತ ಬಂದಿದ್ದರು. ಕಮಿಟಿಯ ಅಧ್ಯಕ್ಷ ಕರ್ನಲ್ ವಿದರ್ಸ್ ಸಾಹೇಬರು ಸೀನಿದರೂ ಮಾವ ತಲೆಬಾಗುತ್ತಿದ್ದರು.

ಸ್ಟೇಷನ್ನಿನ ಕೆಳಗೆ, ಮೂಡಲ ಇಳಿಜಾರಿನಲ್ಲಿ ಒಂದು ಚಿಕ್ಕ ಸಮತಟ್ಟು ಜಾಗದಲ್ಲಿ ಹದಿನೆಂಟು ಗುಡಿಸಲುಗಳ ಹಟ್ಟಿ ಇತ್ತು. ದೊರೆಗಳು ಹುಟ್ಟುವುದಕ್ಕೆ ಮೊದಲಿನಿಂದ ಇದ್ದದ್ದು. ಹಟ್ಟಿಯ ಗಂಡಸರು ದೊರೆಗಳ ಪೆಟ್ಟಿಗೆ ಹೊತ್ತರು, ಹೆಂಗಸರು ಕುದುರೆಗಳಿಗೆ ಹುಲ್ಲು ಕೊಯ್ದರು, ತಮ್ಮ ಒರತೆಯಿಂದ ಬಂಗಲೆಗಳಿಗೆ ನೀರು ಹೊತ್ತರು. ಅಲ್ಲಿಯ ಹಿರಿಯಳು ಗಾಳೆಮ್ಮ. ಐವತ್ತು ದಾಟಿದ ಹೆಂಗಸು, ಬಾಯಿ ತುಂಬ ಎಲೆಅಡಿಕೆ, ನೆಟ್ಟಗಿನ ಮಾತು. ಅವಳ ಗಂಡ ಎರ್ರಿಯಪ್ಪ ಅವಳ ಎದುರಿಗೆ ಮಾತಾಡಿದ್ದನ್ನು ನಾನು ಕಂಡಿಲ್ಲ.

ಒಂದು ವರ್ಷ ಮೇಲಿನ ಬಂಗಲೆಗಳಿಗೆ ಪಂಪು ಬಂತು, ನಳ ಬಂತು. ಹಟ್ಟಿಗೂ ಒಂದು ನಳ ಕೊಡಿ ಎಂದು ಗಾಳೆಮ್ಮ ಕೇಳಿದಳು. ಸ್ಟೇಷನ್ನಿನ ಮೇರೆಯೊಳಗೆ ಇರುವವರಿಗೆ ನೀರು ಕೊಡಬೇಕೆಂದು ಕಮಿಟಿಯ ನಿಯಮವೇ ಇತ್ತು. ದೊರೆಗಳಿಗೆ ನಿಯಮ ಮುರಿಯಲು ನಾಚಿಕೆ, ನೀರು ಕೊಡಲು ಸಂಕಟ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಉಪಾಯ ಹೇಳಿಕೊಟ್ಟವರು ನಮ್ಮ ಮಾವ. ಮೇರೆಯ ಗುರುತಿಗೆ ನೆಟ್ಟಿದ್ದ ಸುಣ್ಣ ಬಳಿದ ಕಲ್ಲುಗಳನ್ನು ಹಟ್ಟಿಯ ಕೆಳಗಿನಿಂದ ಕಿತ್ತು ಹಟ್ಟಿಯ ಮೇಲಕ್ಕೆ ನೆಟ್ಟರೆ ಆಯಿತು. ಮುಂದೆ ನಿಂತು ನೆಡಿಸಿದವನು ನಾನು. ಕಲ್ಲು ಹೊತ್ತವರು ಹಟ್ಟಿಯವರೇ.

ಕೊನೆಯ ಕಲ್ಲು ಇಳಿಸಿ ಸೆರಗಿನಿಂದ ಬೆವರು ಒರೆಸಿಕೊಂಡು ಗಾಳೆಮ್ಮ ನನ್ನನ್ನು ಕೇಳಿದಳು.

"ರೈಟರಪ್ಪಾ, ಈಗ ನಾವು ಒಳಗದೀವೋ ಹೊರಗದೀವೋ ಹೇಳ್ರಿ."

"ಹೊರಗ, ಗಾಳೆಮ್ಮ."

"ಪೆಟಿಗಿ ಹೊರಾಕ?"

"ಅದಕ್ಕ ಒಳಗ."

"ನೀರು ಕುಡಿಯಾಕ?"

"ಅದಕ್ಕ ಹೊರಗ."

"ಆತು ಬಿಡ್ರಿ. ತಿಳೀತು," ಎಂದಳು. ಅವಳಿಗೆ ಎಷ್ಟು ಚೆನ್ನಾಗಿ ತಿಳಿದಿತ್ತೆಂಬುದು ನನಗೆ ಮರುವರ್ಷ ಗೊತ್ತಾಯಿತು.

ಹಟ್ಟಿಯಲ್ಲಿ ಒಂದು ಪದ್ಧತಿ ಇತ್ತು. ಹೋಳಿ ಹುಣ್ಣಿಮೆಗೆ ಕಾಮಣ್ಣನನ್ನು ಸುಟ್ಟ ಮರುದಿನ, ಬೆಳಗಿನ ಇಬ್ಬನಿ ಆರುವ ಮೊದಲೇ, ಹೆಂಗಸರು ಆ ಬೂದಿಯೊಳಗಿನ ಕೆಂಡವನ್ನು ಒಡೆದ ಗಡಿಗೆಯ ಬೋಕಿಯಲ್ಲಿ ಎತ್ತಿಕೊಂಡು ಹೊರಡುವರು. ಗುಡ್ಡದ ನೆತ್ತಿಯ ಸುತ್ತ ಹತ್ತು ಮಾರು ಅಗಲಕ್ಕೆ ಒಣಹುಲ್ಲನ್ನು ಸುಡುತ್ತ ಹೋಗುವರು. ಗಂಡಸರು ಎರಡೂ ಬದಿಗೆ ಹಸಿ ಹೊಂಗೆಯ ಟೊಂಗೆ ಹಿಡಿದು ನಿಂತು, ಗೆರೆ ದಾಟಿದ ಬೆಂಕಿಯನ್ನು ಬಡಿದು ಕೆಡಿಸುವರು. ಬಿಸಿಲೇರಿ ಗಾಳಿ ಏಳುವಷ್ಟರಲ್ಲಿ ಗುಡ್ಡಕ್ಕೆ ಕರಿ ಉಡಿದಾರ ಕಟ್ಟಿದಂತೆ ಆಗಿರುತ್ತಿತ್ತು. ಅದಕ್ಕೆ ಕಾಮನ ಗೆರೆ ಎಂದು ಹೆಸರು. ಮುಂದೆ ಬೇಸಿಗೆಯಲ್ಲಿ ಕೆಳಗೆಲ್ಲಿ ಬೆಂಕಿ ಬಿದ್ದರೂ ಅದು ಈ ಗೆರೆಯತನಕ ಬಂದು, ತಿನ್ನಲು ಹುಲ್ಲಿಲ್ಲದೆ ಸಾಯುತ್ತಿತ್ತು. ಮೌಂಟ್ ಪ್ಲೆಸೆಂಟ್ ಅಷ್ಟು ವರ್ಷ ಸುಡದೆ ಉಳಿದದ್ದು ಈ ಗೆರೆಯಿಂದ. ದೊರೆಗಳು ಮಾತ್ರ ಅದು ತಮ್ಮ ಫಯರ್ ಬ್ರಿಗೇಡಿನ ಪ್ರತಾಪ ಎಂದು ನಂಬಿದ್ದರು.

ಆ ಬ್ರಿಗೇಡಿನ ಬಗ್ಗೆ ಎರಡು ಮಾತು. ಕ್ಲಬ್ಬಿನ ಜಗಲಿಯಲ್ಲಿ ಆರು ಕೆಂಪು ಬಕೀಟುಗಳನ್ನು ತೂಗುಹಾಕಿದ್ದರು. ನಾಲ್ಕರಲ್ಲಿ ಮರಳಿತ್ತು, ಅದರಲ್ಲಿ ದೊರೆಗಳು ಚುಟ್ಟಾ ಆರಿಸುತ್ತಿದ್ದರು. ಐದನೆಯದರಲ್ಲಿ ಟಾಲ್ಬಟ್ ದೊರೆಸಾನಿ ಒಂದು ಹೂವಿನ ಗಿಡ ನೆಟ್ಟಿದ್ದರು. ಆರನೆಯದಕ್ಕೆ ತಳವಿರಲಿಲ್ಲ, ಆದರೆ ಬಣ್ಣ ಚೆನ್ನಾಗಿತ್ತು. ತಿಂಗಳಿಗೊಮ್ಮೆ ಕರ್ನಲ್ ಸಾಹೇಬರು ಸೀಟಿ ಊದುತ್ತಿದ್ದರು, ಬಟ್ಲರುಗಳು ಬಕೀಟು ಹಿಡಿದು ಟೆನಿಸ್ ಅಂಗಳದ ಸುತ್ತ ಓಡುತ್ತಿದ್ದರು.

ಈ ಟಾಲ್ಬಟ್ ದೊರೆಸಾನಿ ಚಿತ್ರ ಬರೆಯುತ್ತಿದ್ದರು. ಒಣಗಿದ ಹುಲ್ಲು ಬಿಸಿಲಿಗೆ ಬಂಗಾರದಂತೆ ಹೊಳೆಯುವುದನ್ನು ಬರೆಯಲು ಅವರು ಆ ವರ್ಷ ಎಲ್ಲರಿಗಿಂತ ಮೊದಲೇ ಗುಡ್ಡ ಹತ್ತಿದ್ದರು. ಹಿಂದಿನ ವರ್ಷ ಕಾಮನ ಗೆರೆಯ ಬೂದಿ ಹಾರಿಬಂದು ಅವರ ಆಕಾಶದ ಮೇಲೆ ಕೂತಿತ್ತು. ಕರ್ನಲ್ ಸಾಹೇಬರ ಚಹಾದಲ್ಲೂ ಬಿದ್ದಿತ್ತು. ಚಿತ್ರಕ್ಕೆ ಬಿದ್ದ ಬೂದಿಯನ್ನು ಕಮಿಟಿ ಸಹಿಸುತ್ತಿತ್ತೇನೋ, ಚಹಾಕ್ಕೆ ಬಿದ್ದದ್ದನ್ನು ಸಹಿಸಲಿಲ್ಲ. ಹೋಳಿಗೆ ಮೂರು ದಿನ ಇರುವಾಗ ಠರಾವಾಯಿತು: ಸ್ಟೇಷನ್ನಿನ ಮೇರೆಯೊಳಗೆ ಯಾರೂ ಹುಲ್ಲಿಗೆ ಬೆಂಕಿ ಇಡಕೂಡದು, ಇಟ್ಟವರಿಗೆ ಶಿಕ್ಷೆ.

ನಾನು ಹಟ್ಟಿಗೆ ಹೋಗಿ ಓದಿದೆ. ಗಂಡಸರು ಮುಖಮುಖ ನೋಡಿಕೊಂಡರು. ತನ್ನ ಚಾವಣಿಗೆಂದು ಕಲ್ಲಿನೊಳಗಿನ ಒಂದು ಹೊರೆ ಹುಲ್ಲು ಕೊಯ್ದದ್ದಕ್ಕೆ ಎರ್ರಿಯಪ್ಪ ಹಿಂದಿನ ವರ್ಷ ಹದಿನೈದು ದಿನ ಜೈಲಿನಲ್ಲಿದ್ದು ಬಂದಿದ್ದ. ಕಾಗದವೆಂದರೆ ಏನೆಂದು ಅವರಿಗೆ ಗೊತ್ತಿತ್ತು.

"ಗೆರಿ ಸುಡದಿದ್ರ ಬ್ಯಾಸಿಗ್ಯಾಗ ಬೆಂಕಿ ಬಂದ್ರ ಏನ್ಮಾಡ್ತಾರಂತ್ರಿ?" ಎಂದು ಗಾಳೆಮ್ಮ ಕೇಳಿದಳು.

"ಬಕೀಟು ಅದಾವಲ್ಲ."

ಅವಳು ನಗಲಿಲ್ಲ. "ನಮ್ಮವು ಹದಿನೆಂಟು ಗುಡಿಸ್ಲು. ಒಂದು ಕಿಡಿ ಸಾಕು. ಮುದುಕ್ರದಾರ, ಬಾಣಂತಿ ಅದಾಳ, ಮುಂಗಾರಿಗಿಟ್ಟ ಬೀಜ ಐತಿ. ಇನ್ನೊಂದ್ಸಲ ಓದ್ರಿ ಅದನ್ನ."

ಓದಿದೆ. ಮೇರೆಯೊಳಗೆ ಎಂಬಲ್ಲಿಗೆ ಬಂದಾಗ ಅವಳು ಕೈಯೆತ್ತಿ ತಡೆದಳು.

"ಹೊರಗ ಸುಡಬಾರ್ದು ಅಂತ ಎಲ್ಯಾರ ಐತೇನ್ರಿ?"

"ಇಲ್ಲ."

"ನಾವು ಹೊರಗಲ್ಲೇನ್ರಿ?"

ನಾನು ಕಾಗದ ಮಡಚಿಕೊಂಡು ಬಂದುಬಿಟ್ಟೆ. ಹೋಳಿಯ ಮರುದಿನ ಅವರು ಕೆಂಡ ಎತ್ತಿದರು. ಆದರೆ ಗುಡ್ಡದ ಸುತ್ತ ಹೋಗಲಿಲ್ಲ. ಮೂರು ದಿಕ್ಕಿನಲ್ಲಿ ಕಾಮನ ಗೆರೆ ಹಾಯುತ್ತಿದ್ದದ್ದು ಸುಣ್ಣದ ಕಲ್ಲಿನ ಒಳಗೆ. ಆ ಹುಲ್ಲನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ಕಲ್ಲಿನ ಹೊರಗೆ, ತಮ್ಮ ಹಟ್ಟಿಯ ಸುತ್ತ ಮಾತ್ರ, ಹತ್ತರ ಬದಲು ಮೂವತ್ತು ಮಾರು ಅಗಲಕ್ಕೆ ಸುಟ್ಟು ಕರಿ ಮಾಡಿಕೊಂಡರು. ಗಾಳಿ ಆ ಬೆಳಿಗ್ಗೆ ಕೆಳಮುಖವಾಗಿತ್ತು, ಹೊಗೆ ಮೇಲೆ ಬರಲಿಲ್ಲ. ದೊರೆಸಾನಿ ತಮ್ಮ ಬಂಗಾರದ ಹುಲ್ಲನ್ನು ಬರೆದರು. ಕಮಿಟಿ ತನ್ನ ಠರಾವು ಪಾಲನೆಯಾದದ್ದಕ್ಕೆ ತೃಪ್ತಿ ಸೂಚಿಸಿತು. ನಾನು ಆ ತೃಪ್ತಿಯನ್ನೂ ಬರೆದೆ.

ಏಪ್ರಿಲ್ ಎರಡನೆಯ ವಾರದಲ್ಲಿ ನಮ್ಮ ಮಾವನ ಪುಣ್ಯ ತೆರೆಯಿತು. ಕಮಿಟಿಗೆ ಒಬ್ಬ ನೇಟಿವ್ ಸದಸ್ಯನಿರಲಿ ಎಂದು ಮೇಲಿನಿಂದ ಆಜ್ಞೆ ಬಂದು, ಅವರ ಹೆಸರು ಸೇರಿತು. ಮೊದಲ ಮೀಟಿಂಗಿಗೆ ಅವರು ಆ ಧಗೆಯಲ್ಲಿ ಉಣ್ಣೆಯ ಕೋಟು ಹಾಕಿಕೊಂಡು ಮೋಟಾರಿನಲ್ಲಿ ಹೊರಟರು. ಹೊಸಪೇಟೆಗೆ ಮಸಿ, ಕಾಗದ ತರಲು ಬಂದಿದ್ದ ನಾನೂ ಪಕ್ಕದಲ್ಲಿ ಕೂತೆ. ಮೋಟಾರು ಮಾವನೇ ಓಡಿಸುವುದು, ಡ್ರೈವರನಿಗೆ ಸಂಬಳ ದಂಡವೆಂದು.

ಪಡುವಣ ಘಾಟಿಯ ಮೂರನೆಯ ತಿರುವಿನಲ್ಲಿ ಅವರು ಮೋಟಾರು ನಿಲ್ಲಿಸಿ, ಕಿಸೆಯಿಂದ ಒಂದು ದಪ್ಪ ಸಿಗಾರು ತೆಗೆದರು. ಹಣೆಯಲ್ಲಿ ಮೂರು ಪಟ್ಟೆ ವಿಭೂತಿ, ಬಾಯಲ್ಲಿ ಸಿಗಾರು.

"ಮಾವ, ಏನಿದು?" ಎಂದೆ.

"ಮೀಟಿಂಗಿನ್ಯಾಗ ಕೊಡ್ತಾರಂತ. ಬ್ಯಾಡ ಅಂದ್ರ ಹಳ್ಳಿಗುಗ್ಗು ಅಂತಾರ, ಕೆಮ್ಮಿದ್ರ ಇನ್ನೂ ಮರ್ಯಾದಿ ಹೋಗ್ತೈತಿ. ಇಲ್ಲೇ ಒಂದೀಟು ರೂಢಿ ಮಾಡ್ಕೊಂಡು ಹೋಗೂಣು," ಎಂದರು. ಕಡ್ಡಿ ಗೀರಿದರು, ಎಳೆದರು. ಕಣ್ಣು ಮೇಲೆ ಹೋಯಿತು. ಕೆಮ್ಮು ಎಂದರೆ ಕೆಮ್ಮು, ಅವರ ಏಳು ತಲೆಮಾರಿನ ಶರಣರು ಒಟ್ಟಿಗೆ ಎದ್ದು ಬೈದ ಹಾಗೆ. ಅಲ್ಲಿಯೇ ಕೆಳಗೆ ಹಟ್ಟಿಯ ಇಬ್ಬರು ಹೆಂಗಸರು ಹುಲ್ಲಿನ ಹೊರೆ ಇಳಿಸಿಕೊಂಡು ಕೂತಿದ್ದರು. ಅವರು ತಲೆಯೆತ್ತಿ ನೋಡಿದರು.

"ಥೂ, ಇದು ನಮ್ಮ ಮಂದಿಗೆ ಒಗ್ಗೂದಲ್ಲ," ಎಂದು ಮಾವ ಸಿಗಾರನ್ನು ಕಿಟಕಿಯಿಂದಾಚೆ ಎಸೆದು, ಬಾಯಿಗೆ ಎರಡು ಯಾಲಕ್ಕಿ ಹಾಕಿಕೊಂಡು ಮೋಟಾರು ಬಿಟ್ಟರು. ಅದು ಆರಿತ್ತೇ ಎಂದು ಅವರು ನೋಡಲಿಲ್ಲ. ಆರಿರಲಿಲ್ಲ ಎಂದು ನಾನು ನೋಡಿದ್ದೆ. ಹುಲ್ಲಿನ ನಡುವೆ ಎಳೆ ಹೊಗೆ ಎದ್ದದ್ದನ್ನು ಕಂಡು, ಹೇಳಿದರೆ ಮಾವ ಸಿಟ್ಟಾಗುತ್ತಾರೆಂದು ಮುಖ ತಿರುಗಿಸಿದೆ. ಒಂದು ಕೊಡ ನೀರಿನಲ್ಲಿ ಮುಗಿಯುತ್ತಿದ್ದ ಕತೆ ಅದು.

ಕ್ಲಬ್ಬಿನಲ್ಲಿ ಮಾವನಿಗೆ ಕುರ್ಚಿ ತೋರಿಸುವಷ್ಟರಲ್ಲಿ ಪಡುವಣ ದಿಕ್ಕಿನಲ್ಲಿ ಹೊಗೆ ಕಾಣಿಸಿತು. ಇಳಿಹೊತ್ತಿನ ಗಾಳಿ ಅದೇ ಕಡೆಯಿಂದ ಬೀಸುತ್ತಿತ್ತು. ಹುಲ್ಲಿನ ಬೆಂಕಿ ಗುಡ್ಡ ಇಳಿಯುವಾಗ ಮುದುಕ, ಏರುವಾಗ ಕುದುರೆ. ಹತ್ತು ನಿಮಿಷಕ್ಕೆ ಅದು ಐದನೆಯ ತಿರುವು ದಾಟಿ ಮೋಟಾರಿನ ದಾರಿಯನ್ನು ಕತ್ತರಿಸಿತು. ಕರ್ನಲ್ ಸಾಹೇಬರು ಸೀಟಿ ಊದಿದರು. ಬಟ್ಲರುಗಳು ಬಕೀಟು ಇಳಿಸಿಕೊಂಡು, ರೂಢಿಯಂತೆ, ಟೆನಿಸ್ ಅಂಗಳದ ಸುತ್ತ ಓಡತೊಡಗಿದರು. ಬೆಂಕಿಯ ಕಡೆಗೆ ಓಡಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಎರಡನೆಯ ಸುತ್ತಿಗೆ ಪಡುವಣ ಅಂಚಿನ ಮೊದಲ ಬಂಗಲೆಯ ಹುಲ್ಲಿನ ಚಾವಣಿ ಹತ್ತಿಕೊಂಡಿತು. ಹುಲ್ಲಿನ ಚಾವಣಿಯನ್ನೂ ಅವರೇ ಹೊದಿಸಿಕೊಂಡಿದ್ದರು, ತಂಪಿಗೆ.

ಆಮೇಲೆ ಶಿಸ್ತು ಉಳಿಯಲಿಲ್ಲ. ದೊರೆಗಳು, ದೊರೆಸಾನಿಯರು, ನಾಯಿಗಳು, ಬಟ್ಲರುಗಳು, ನಮ್ಮ ಮಾವ, ಎಲ್ಲರೂ ಮೂಡಲಿಗೆ ಓಡಿದರು. ಟಾಲ್ಬಟ್ ದೊರೆಸಾನಿ ಚಿತ್ರ ಹಿಡಿದಿದ್ದರು. ನಾನು ಏನೂ ಯೋಚಿಸದೆ ಕಮಿಟಿಯ ಠರಾವು ಪುಸ್ತಕವನ್ನೂ ಮಸಿ ಕುಡಿಕೆಯನ್ನೂ ಅವಚಿಕೊಂಡಿದ್ದೆ. ಸುಣ್ಣದ ಕಲ್ಲಿನ ಬಳಿಗೆ ಬಂದು ನಿಂತೆವು. ಹಿಂದೆ ಆಳೆತ್ತರದ ಒಣಹುಲ್ಲು. ಮುಂದೆ ಮೂವತ್ತು ಮಾರು ಕರಿ ನೆಲ, ಅದರ ನಡುವೆ ಹದಿನೆಂಟು ಗುಡಿಸಲು, ಒಂದಕ್ಕೂ ಕಿಡಿ ತಾಕಿಲ್ಲ. ಗಂಡಸರು ಚಾವಣಿಗಳ ಮೇಲೆ ನೀರು ಎರಚುತ್ತಿದ್ದರು. ಗಾಳೆಮ್ಮ ಸೊಂಟದ ಮೇಲೆ ಕೈಯಿಟ್ಟು ನಮ್ಮನ್ನು ನೋಡಿದಳು.

"ಯಾಕ್ರಿ ರೈಟರಪ್ಪಾ, ದೊರಿಗೋಳು ಹೊರಗ ಬಂದುಬಿಟ್ರಲ್ಲ?"

ನಾನು ಠರಾವು ಪುಸ್ತಕವನ್ನು ಇನ್ನೂ ಬಿಗಿಯಾಗಿ ಅವಚಿಕೊಂಡೆ.

"ಬರ್ರಿ, ಬರ್ರಿ, ಕುಂದ್ರಿ. ಬೂದಿ ಐತಿ, ಬಿಳಿ ಬಟ್ಟಿ ಹೊಲಸಾಗ್ತಾವ, ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದು ಅವಳು ದಾರಿ ಬಿಟ್ಟಳು. ಕರ್ನಲ್ ಸಾಹೇಬರು ಬೂದಿಯಲ್ಲಿ ಕೂತರು. ಬಾಣಂತಿಯ ಗುಡಿಸಲಿನ ನೆರಳಿನಲ್ಲಿ ದೊರೆಸಾನಿಯರನ್ನು ಕೂಡಿಸಿ, ಗಾಳೆಮ್ಮ ಒರತೆಯ ನೀರು ಕೊಟ್ಟಳು. ನಳದ ನೀರಿಗಿಂತ ಸಿಹಿಯಾಗಿದೆ ಎಂದು ಒಬ್ಬರು ಹೇಳಿದರು.

ಅಷ್ಟರಲ್ಲಿ ಇನ್ನೆರಡು ಬಂಗಲೆ ಹೋದವು. ಗಾಳೆಮ್ಮ ಬೋಕಿಯಲ್ಲಿ ಕೆಂಡ ಹಾಕಿಕೊಂಡು ಬಂದಳು. ಅವಳ ಹಿಂದೆ ಹೊಂಗೆಯ ಟೊಂಗೆ ಹಿಡಿದ ಇಪ್ಪತ್ತು ಜನ.

"ಟೆನಿಸ್ ಅಂಗಳದ ಪಡುವಲ ಅಂಚಿನಿಂದ ಎದುರು ಬೆಂಕಿ ಕೊಡ್ತೀವಿ. ನಮ್ಮ ಬೆಂಕಿ ಹೋಗಿ ಆ ಬೆಂಕೀನ್ನ ತಡೀತೈತಿ. ಕ್ಲಬ್ಬು, ಈ ಕಡಿ ಬಂಗ್ಲಿ ಉಳೀತಾವ. ಆದ್ರ ಅದು ಕಲ್ಲಿನೊಳಗ ಬರ್ತೈತಿ. ಹಚ್ರಿ ಅಂತ ಕಾಗದದಾಗ ಬರದು ಕೊಡ್ರಿ. ಎರ್ರಿಯಪ್ಪ ಮತ್ತ ಜೈಲಿಗೆ ಹೋಗಾಕಿಲ್ಲ."

ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಕರ್ನಲ್ ಸಾಹೇಬರು ಗಂಭೀರರಾದರು. ಠರಾವಿನಿಂದ ನಿಂತದ್ದನ್ನು ಠರಾವಿನಿಂದಲೇ ತೆರೆಯಬೇಕು. ಠರಾವಿಗೆ ಐವರು ಸದಸ್ಯರು ಬೇಕು. ಇಬ್ಬರು ಬಳ್ಳಾರಿಗೆ ಇಳಿದಿದ್ದರು, ಇದ್ದವರು ನಾಲ್ವರು ಮಾತ್ರ. ಆಗ ಎಲ್ಲರ ಕಣ್ಣು ನಮ್ಮ ಮಾವನ ಕಡೆಗೆ ತಿರುಗಿತು. ಜೀವಮಾನದಲ್ಲಿ ಮೊದಲ ಸಲ ದೊರೆಗಳಿಗೆ ಮಾವ ಬೇಕಾಗಿದ್ದರು. ಅವರು ಕೋಟಿನ ಬೂದಿ ಕೊಡವಿಕೊಂಡು ಬಂದು, ಕರ್ನಲ್ ಸಾಹೇಬರ ಪಕ್ಕದಲ್ಲಿ, ಬೂದಿಯ ಮೇಲೆ ಕೂತರು. ಬೆಂಕಿ ಬಿದ್ದಾಗ ಬಾವಿ ತೋಡಿದರು ಎನ್ನುತ್ತಾರಲ್ಲ, ಇವರು ಬಾವಿ ತೋಡಲು ಮೀಟಿಂಗು ಕರೆದರು.

ಟಾಲ್ಬಟ್ ಸಾಹೇಬರು ಹೆಂಡತಿಯ ಹುಲ್ಲಿನ ಸಲುವಾಗಿ ವಿರೋಧಿಸಿದರು. ಇನ್ನೊಬ್ಬರು ಟೆನಿಸ್ ಅಂಗಳಕ್ಕೆ ಧಕ್ಕೆ ಆಗಬಾರದೆಂದು ತಿದ್ದುಪಡಿ ತಂದರು. ಪರವಾಗಿರುವವರು ಕೈ ಎತ್ತಿ ಎಂದಾಗ ಮಾವ ಕೈ ಎತ್ತಿದರು, ವಿರೋಧವಾಗಿರುವವರು ಎಂದಾಗಲೂ ಎತ್ತಿದರು. ಯಾರಿಗೂ ಬೇಸರವಾಗಬಾರದೆಂದು. ನಾನು ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದೆ, ಗಾಳೆಮ್ಮ ಕೆಂಡ ಆರದಂತೆ ಊದುತ್ತ ನಿಂತಿದ್ದಳು. ಠರಾವು ಪಾಸಾಗುವಷ್ಟರಲ್ಲಿ ಇನ್ನೆರಡು ಬಂಗಲೆ ಸುಟ್ಟವು. ಒಟ್ಟು ಐದು.

ಆಮೇಲೆ ಆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಟೆನಿಸ್ ಅಂಗಳದ ಬರಿ ನೆಲಕ್ಕೆ ಬೆನ್ನು ಕೊಟ್ಟು ಹೆಂಗಸರು ಸಾಲಾಗಿ ಹುಲ್ಲಿಗೆ ಕೆಂಡ ತಾಕಿಸಿದರು. ಅಂಗಳದ ಕಡೆಗೆ ಬಾಗಿದ ಉರಿಯನ್ನು ಟೊಂಗೆಯಿಂದ ಬಡಿದರು. ಸೆರಗಿನ ಅಂಚು ಸೀದಿತು, ಹುಬ್ಬು ಸುಟ್ಟಿತು, ಯಾರೂ ಹಿಂದೆ ಸರಿಯಲಿಲ್ಲ. ಅವರ ಬೆಂಕಿ ಗಾಳಿಗೆ ಎದುರಾಗಿ, ಅಂಬೆಗಾಲಿಡುತ್ತ ಮುಂದೆ ಹೋಯಿತು. ದೊಡ್ಡ ಬೆಂಕಿ ಹತ್ತಿರ ಬಂದಾಗ ಅದನ್ನು ತನ್ನೆಡೆಗೆ ಸೆಳೆದುಕೊಂಡಿತು. ಎರಡೂ ಒಂದಕ್ಕೊಂದು ತಾಕಿ ಮರದೆತ್ತರ ಎದ್ದು, ಥಟ್ಟನೆ ಕುಸಿದವು. ಕ್ಲಬ್ಬು ಉಳಿಯಿತು, ನಾಲ್ಕು ಬಂಗಲೆ ಉಳಿದವು, ಬಕೀಟಿನ ಹೂವಿನ ಗಿಡವೂ ಉಳಿಯಿತು. ಆ ಗಳಿಗೆಯಲ್ಲಿ ನನಗೆ ಗಾಳೆಮ್ಮನ ಕಾಲು ಹಿಡಿಯಬೇಕೆನಿಸಿತ್ತು. ಹಿಡಿಯಲಿಲ್ಲ, ಕೈಯಲ್ಲಿ ಠರಾವು ಪುಸ್ತಕ ಇತ್ತು.

ನಮ್ಮ ಕಂಪ್ಲಿಯಲ್ಲಿ ಹೊಳೆ ದಾಟುವತನಕ ಹರಿಗೋಲಿನವನಿಗೆ ಅಣ್ಣಾ ಎನ್ನುತ್ತಾರೆ, ದಡ ಹತ್ತಿದ ಮೇಲೆ ಅವನ ಹೆಸರು ಯಾರಿಗೆ ನೆನಪು. ನಾಲ್ಕನೆಯ ದಿನ ಕ್ಲಬ್ಬಿನಲ್ಲಿ ವಿಚಾರಣೆಯ ಮೀಟಿಂಗು ಕೂಡಿತು. ಬೆಂಕಿಯನ್ನು ತಡೆದದ್ದು ಕಮಿಟಿಯ ಸಮಯೋಚಿತ ಠರಾವು ಎಂದು ಮೊದಲು ತೀರ್ಮಾನವಾಯಿತು. ಗಾಳೆಮ್ಮನಿಗೆ ಒಂದು ಉಣ್ಣೆಯ ಕಂಬಳಿ ಇನಾಮು ಎಂದೂ ಆಯಿತು, ಏಪ್ರಿಲ್ ತಿಂಗಳಲ್ಲಿ. ಆಮೇಲೆ ಕರ್ನಲ್ ಸಾಹೇಬರು ಕೇಳಿದರು, ಬೆಂಕಿ ಬಿದ್ದದ್ದು ಹೇಗೆ?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯಂತೆ, ಮಾವನ ಕೈ ಕೋಟಿನ ಕಿಸೆಗೆ ಹೋಯಿತು. ಆದರೆ ಗಿರಣಿ ನಡೆಸುವವರಿಗೆ ಬುದ್ಧಿ ಬೇಗ ಓಡುತ್ತದೆ. ಅವರು ಎದ್ದು ನಿಂತು, ಈ ಹಟ್ಟಿಯವರು ಹೋಳಿಯಲ್ಲಿ ಬೆಂಕಿ ಹಚ್ಚುವ ಜನ, ಈ ವರ್ಷವೂ ಹಟ್ಟಿಯ ಸುತ್ತ ಹಚ್ಚಿದ್ದಾರೆ, ತಮ್ಮ ಹಟ್ಟಿಯನ್ನು ಮೊದಲೇ ಭದ್ರ ಮಾಡಿಕೊಂಡಿದ್ದೇಕೆ, ಸಾಹೇಬರೇ ವಿಚಾರ ಮಾಡಬೇಕು ಎಂದರು. ಕಮಿಟಿಗೆ ಅದು ಬಹಳ ಹಿಡಿಸಿತು. ಮುಂಜಾಗ್ರತೆ ಮಾಡಿದವನೇ ಕಳ್ಳ ಎನ್ನುವುದರಲ್ಲಿ ಒಂದು ಅನುಕೂಲವಿದೆ, ಮಾಡದವರೆಲ್ಲ ಸಾಚಾ ಆಗುತ್ತಾರೆ.

ಠರಾವು ಹೀಗಾಯಿತು. ಬೆಂಕಿ ಹಟ್ಟಿಯವರ ದುರಭ್ಯಾಸದಿಂದ ಬಿದ್ದದ್ದು. ಅವರ ಹುಲ್ಲಿನ ಗುಡಿಸಲುಗಳು ಸ್ಟೇಷನ್ನಿಗೆ ಅಪಾಯ. ಹಟ್ಟಿಯ ಜಾಗ ಬೆಂಕಿಯ ಕಾಲದಲ್ಲಿ ಸದಸ್ಯರಿಗೆ ಒಳ್ಳೆಯ ಆಶ್ರಯವೆಂದು ಕಂಡುಬಂದಿರುವುದರಿಂದ ಅದನ್ನು ಸದಸ್ಯರಿಗಾಗಿಯೇ ಕಾದಿರಿಸಬೇಕು. ಸುಣ್ಣದ ಕಲ್ಲುಗಳನ್ನು ಮತ್ತೆ ಹಟ್ಟಿಯ ಕೆಳಗೆ ನೆಡಬೇಕು. ಮೇರೆಯೊಳಗೆ ಬಂದ ಗುಡಿಸಲುಗಳನ್ನು ಹದಿನೈದು ದಿನದಲ್ಲಿ ತೆಗೆಯಬೇಕು.

ಕರ್ನಲ್ ಸಾಹೇಬರು ನನ್ನನ್ನು ನೋಡಿ, ರೈಟರ್, ನೀನು ಆ ದಿನ ಘಾಟಿಯಲ್ಲಿ ಬಂದೆಯಲ್ಲ, ಏನಾದರೂ ಕಂಡೆಯಾ, ಎಂದು ಕೇಳಿದರು. ಕೇಳಿದರು ಎನ್ನುವುದನ್ನು ನಾನು ಮುಚ್ಚಿಡುವುದಿಲ್ಲ. ಬಾಯಿ ತೆರೆದೆ. ಮಾವ ಮೇಜಿನ ಮೇಲಿನ ಯಾಲಕ್ಕಿ ಡಬ್ಬಿಯನ್ನು ನನ್ನತ್ತ ನೂಕಿದರು. ಏನೂ ಕಾಣಲಿಲ್ಲ ಸಾರ್ ಎಂದೆ. ಲೇಖನಿಯನ್ನು ಮಸಿಯಲ್ಲಿ ಅದ್ದಿ ಶುದ್ಧಪ್ರತಿ ಮಾಡಿದೆ. ಒಂದು ಕಾಟು ಇಲ್ಲ, ಒಂದು ಚಿತ್ತು ಇಲ್ಲ.

ಮರುದಿನ ಬೆಳಿಗ್ಗೆ ಕಾಗದವನ್ನೂ ಕಂಬಳಿಯನ್ನೂ ಹಿಡಿದು ಹಟ್ಟಿಗೆ ಹೋದೆ. ಗಾಳೆಮ್ಮನ ಹುಬ್ಬು ಸುಟ್ಟು ಮುಖ ಬೋಳಾಗಿತ್ತು, ಮುಂಗೈ ಮೇಲೆ ಎಣ್ಣೆ ಹಚ್ಚಿದ ಗುಳ್ಳೆಗಳು. ಕಂಬಳಿ ಕೊಟ್ಟೆ. ಕಾಗದ ಓದಿದೆ. ಓದುವಾಗ ತಲೆ ಎತ್ತಲಿಲ್ಲ. ಯಾರೂ ಅಳಲಿಲ್ಲ, ಬೈಯಲಿಲ್ಲ. ಒಳಗೆಲ್ಲೋ ಬಾಣಂತಿಯ ಕೂಸು ಅಳುತ್ತಿತ್ತು.

"ಅಂದ್ರ ಈಗ ನಾವು ಒಳಗ ಬಂದ್ವಿ," ಎಂದಳು ಗಾಳೆಮ್ಮ.

"ಹೌದು."

"ಹಂಗಾರ ನಳ ಯಾವಾಗ ಹಾಕ್ತಾರ್ರಿ?"

ನಾನು ಕಾಗದ ಮಡಚಿ ಕಿಸೆಗೆ ಹಾಕಿಕೊಂಡೆ. ಅವಳು ಕಂಬಳಿಯನ್ನು ಕೊಡವಿ, ನೀಟಾಗಿ ಮಡಚಿ, ನನ್ನ ಕೈಗೆ ವಾಪಸ್ಸು ಕೊಟ್ಟಳು.

"ಇದು ದೊರಿಗೋಳಿಗೆ ಇರ್ಲಿ. ಮುಂದಿನ್ಸಲ ಬೂದ್ಯಾಗ ಕುಂದ್ರಾಕ ಬೇಕಾಗ್ತೈತಿ." ಆಮೇಲೆ ದನಿ ತಗ್ಗಿಸಿದಳು. ಅಷ್ಟು ವರ್ಷ ಬಹುವಚನದಲ್ಲಿ ಮಾತಾಡಿಸಿದವಳು ಆಗ ಏಕವಚನಕ್ಕೆ ಇಳಿದಳು. "ನಿನ್ನ ಮಾವ ಮೂರನೇ ತಿರುವಿನ್ಯಾಗ ಸೇದಿ ಒಗದದ್ದು ನಮ್ಮ ಹೆಣ್ಮಕ್ಕಳು ನೋಡ್ಯಾರ. ನಾವು ಹೇಳಿದ್ರ ಯಾರು ಕೇಳ್ತಾರ. ನೀನೂ ಪಕ್ಕದಾಗ ಇದ್ದಿ ತಮ್ಮಾ. ನೀನು ಹೇಳ್ತಿ ಅಂತ ನಾಕು ದಿನ ಕಾದೆ."

ಹದಿನೈದು ದಿನ ಅವರು ತೆಗೆದುಕೊಳ್ಳಲಿಲ್ಲ. ಆರನೆಯ ದಿನ ಗುಡಿಸಲಿನ ಕಂಬ, ಬೀಸುಕಲ್ಲು, ಬೀಜದ ಮಡಕೆ ಹೊತ್ತುಕೊಂಡು ಪಾಪಿನಾಯಕನಹಳ್ಳಿಯ ಕಡೆಗೆ ಇಳಿದುಹೋದರು. ಮಾವನಿಗೆ ಜೂನಿನಲ್ಲಿ ರಾವ್ ಸಾಹೇಬ ಬಿರುದು ಬಂತು. ಮರುವರ್ಷ ಹೋಳಿ ಹುಣ್ಣಿಮೆಗೆ ಗೆರೆ ಸುಡುವವರು ಗುಡ್ಡದ ಮೇಲೆ ಯಾರೂ ಇರಲಿಲ್ಲ. ಮಾರ್ಚ್ ಕೊನೆಗೆ ಕೆಳಗಿನ ಯಾವುದೋ ಕಣಿವೆಯಿಂದ ಬೆಂಕಿ ಎದ್ದು ಬಂದು, ಉಳಿದ ನಾಲ್ಕು ಬಂಗಲೆಗಳನ್ನೂ ಕ್ಲಬ್ಬನ್ನೂ ಆರು ಬಕೀಟುಗಳನ್ನೂ ತಿಂದಿತು. ಸದಸ್ಯರಿಗೆ ಕಾದಿರಿಸಿದ್ದ ಜಾಗದಲ್ಲಿ ಆಳೆತ್ತರ ಹುಲ್ಲು ಬೆಳೆದಿತ್ತು, ಅಲ್ಲಿ ಯಾರೂ ಕೂರುವಂತಿರಲಿಲ್ಲ. ಜೀವ ಉಳಿದದ್ದು ಆ ಬೆಳಿಗ್ಗೆ ಎಲ್ಲರೂ ಹಂಪಿ ನೋಡಲು ಹೋಗಿದ್ದರಿಂದ.

ಬಳ್ಳಾರಿಯಲ್ಲಿ ಕಮಿಟಿಯ ಕೊನೆಯ ಮೀಟಿಂಗು ಕೂಡಿತು. ಬೆಂಕಿಯ ಕಾರಣ ತಿಳಿಯದು ಎಂದು ನಾನು ಕರಡಿನಲ್ಲಿ ಬರೆದಿದ್ದೆ. ಕರ್ನಲ್ ಸಾಹೇಬರು ಅದನ್ನು ಹೊಡೆದುಹಾಕಿ, ಹಟ್ಟಿಯವರ ದುರಭ್ಯಾಸ ಎಂದು ತಿದ್ದಿದರು. ಹಟ್ಟಿ ಎದ್ದುಹೋಗಿ ಹನ್ನೊಂದು ತಿಂಗಳಾಗಿತ್ತು. ನಾನು ಅದನ್ನೇ ಶುದ್ಧಪ್ರತಿ ಮಾಡಿದೆ.